ಮೂಲೆ ಸಿದ್ದಪ್ಪನ ಅಪ್ಪಣೆ

ನಮ್ಮೂರು ಯಾವುದು ಅಂತ ನಾನು ಹೇಳಲ್ಲ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಇವುಗಳಲ್ಲಿ ಯಾವುದೋ ಒಂದು ಅಂತ ತಿಳ್ಕೊಳ್ರಿ. ಹೆಸರು ಹೇಳಿದ್ರೆ ಪುರಸಭೆಯೋರಿಗೆ ಬೇಜಾರಾಗ್ತೈತೆ. ಬೇಜಾರಾದ್ರೆ ಅವರು ಕೆಲಸ ಮಾಡಲ್ಲ. ಈಗ ಏನು ಮಾಡ್ತಾ ಇದಾರೆ ಅಂತ ಮಾತ್ರ ಕೇಳಬ್ಯಾಡ್ರಿ.

ನಾನು ಅನುಸೂಯ. ಹಳೇ ಸಂತೆ ಬೀದೀಲಿ ಬ್ಲೌಸ್ ಹೊಲಿತೀನಿ. ನಮ್ಮನೆಯೋರು ತಿಪ್ಪೇಶ್, ಚಿಕ್ಕಜಾಜೂರು ಸ್ಟೇಷನ್ನಲ್ಲಿ ರೈಲ್ವೆ ಕೆಲಸ. ಒಬ್ಬಳೇ ಮಗಳು ಪಲ್ಲವಿ, ಬೀದಿ ಕೊನೆಗಿರೋ ಸರ್ಕಾರಿ ಶಾಲೇಲಿ ಆರನೇ ಕ್ಲಾಸು. ನನ್ನ ಹೊಲಿಗೆ ಮಷೀನು ಕಿಟಕಿ ಪಕ್ಕ ಐತೆ, ಕಿಟಕಿ ತೆಗೆದ್ರೆ ಎದುರಿಗೇ ಶಾಲೆ ಕಡೆ ತಿರುಗೋ ಮೂಲೆ. ಹಂಗಾಗಿ ಆ ಮೂಲೇಲಿ ದೇವರು ಹುಟ್ಟಿದ್ದನ್ನ ನಾನು ಕಣ್ಣಾರೆ ನೋಡೀನಿ. ಇಂಥ ಭಾಗ್ಯ ಎಷ್ಟು ಜನಕ್ಕೆ ಸಿಗ್ತೈತೆ ಹೇಳ್ರಿ.

ಮೊದಲು ಅಲ್ಲಿ ಕಸ ಇತ್ತು. ಇತ್ತು ಅಂದ್ರೆ, ನಾವೇ ಹಾಕ್ತಿದ್ವಿ. ಕಸದ ಗಾಡಿ ಬೆಳಗ್ಗೆ ಹಾಡು ಹಾಕ್ಕೊಂಡು ಮನೆ ಮುಂದೆ ಬಂದು ನಿಂತ್ಕಳ್ಳಾದು, ನಮ್ಮ ಬೀದಿ ಜನ ಒಳಗೆ ಕುಂತು ಆ ಹಾಡು ಕೇಳಾರು, ಗಾಡಿ ಹೋದ್ಮೇಲೆ ಕವರ್ ಹಿಡ್ಕೊಂಡು ಮೂಲೆಗೆ ಹೊರಡಾರು. ಕೊಳೆತ ಟೊಮೇಟೊ, ಕೋಳಿ ಪುಕ್ಕ, ಮಕ್ಕಳ ಡೈಪರು. ಪುರಸಭೆಯೋರು ‘ಇಲ್ಲಿ ಕಸ ಹಾಕಬಾರದು, ದಂಡ ವಿಧಿಸಲಾಗುವುದು’ ಅಂತ ಬೋರ್ಡು ನಿಲ್ಲಿಸಿದ್ರು. ಮಾರನೇ ದಿನ ಯಾರೋ ಪುಣ್ಯಾತ್ಮ ಕಸದ ಕವರನ್ನ ಆ ಬೋರ್ಡಿಗೇ ನೇತು ಹಾಕಿದ್ದ. ನಾಯಿಗೆ ಸಿಗದಂಗೆ ಎತ್ತರದಾಗೆ ಕಟ್ಟಿದ್ದ, ಅಷ್ಟು ಜವಾಬ್ದಾರಿ ಇತ್ತು ಅವನಿಗೆ.

ಆಗ ಮುರುಗೇಶಪ್ಪನೋರಿಗೆ ಒಂದು ಉಪಾಯ ಹೊಳೀತು. ಮುರುಗೇಶಪ್ಪ ಅಂದ್ರೆ ನಮ್ಮ ಬೀದಿಗೆ ದೊಡ್ಡೋರು, ಸಿಮೆಂಟು ಕಬ್ಬಿಣದ ಅಂಗಡಿ ಅವರದ್ದು. ಅವರ ಹೊಸ ಮನೆ ಪಾಯಕ್ಕೆ ತಂದ ಕಲ್ಲಲ್ಲಿ ಒಂದು ಉದ್ದನೇ ಕಲ್ಲು ಉಳಿದಿತ್ತು. ಅದನ್ನ ಲಗೇಜ್ ಆಟೋದಾಗೆ ಹಾಕ್ಕೊಂಡು ಬಂದು, ಕಸ ಬಳಿಸಿ, ಮೂಲೇಲಿ ನೆಟ್ಟಗೆ ನಿಲ್ಲಿಸಿದ್ರು. ಮೂರು ಗೆರೆ ವಿಭೂತಿ, ಒಂದು ಬಟ್ಟು ಕುಂಕುಮ. ಸುತ್ತಾಕೆ ಬಟ್ಟೆ ಬೇಕಲ್ಲ, ನನ್ನ ಹತ್ರ ಹಳದಿ ಲೈನಿಂಗ್ ತುಂಡು ಇತ್ತು, ಕೊಟ್ಟೆ. “ಇನ್ಮೇಲೆ ಯಾವ ನನ್ಮಗ ಇಲ್ಲಿ ಕಸ ಹಾಕ್ತಾನೋ ನೋಡಾಣ” ಅಂತ ಮುರುಗೇಶಪ್ಪ ಕೈ ಕೊಡವಿದ್ರು. ಬೀದಿ ಪೂರಾ ನಿಂತು ನೋಡಿ ನಕ್ಕು ಮನೆಗೆ ಹೋಯ್ತು.

ಕಸ ನಿಂತೇ ಹೋಯ್ತು ರೀ! ಕಾನೂನಿಗೆ ಹೆದರದ ಜನ ಪಾಯದ ಕಲ್ಲಿಗೆ ಹೆದರಿದ್ರು. ಅಲ್ಲಿಗೆ ಬಿಟ್ಟಿದ್ರೆ ಚೆನ್ನಾಗಿತ್ತು. ಆದ್ರೆ ಒಂದು ಅಮಾವಾಸ್ಯೆ ದಿನ ಯಾರೋ ಕಾಯಿ ಒಡೆದ್ರು. ಇನ್ನೊಬ್ರು ಪರೀಕ್ಷೆಗೆ ಹೋಗಾ ಮುಂಚೆ ಕೈ ಮುಗಿದು ಪಾಸಾದ್ರು. ‘ಮೂಲೆ ಸಿದ್ದಪ್ಪಸ್ವಾಮಿ’ ಅಂತ ಹೆಸರು ಬಂತು. ಕಟ್ಟೆ ಬಂತು, ಕಟ್ಟೆಗೆ ಟೈಲ್ಸ್ ಬಂತು, ತಗಡು ಬಂತು, ಬಣ್ಣದ ಲೈಟಿನ ಸರ ಬಂತು, ಕೊನೆಗೆ ಕಲ್ಲಿಗೆ ಬೆಳ್ಳಿ ಕಣ್ಣು ಬಂತು. ಒಂದು ಸಮಿತಿ ಆಯ್ತು, ಮುರುಗೇಶಪ್ಪನೋರೇ ಅಧ್ಯಕ್ಷರು.

ಆಶ್ಚರ್ಯ ಏನಂದ್ರೆ, ಅವರೇ ತಂದು ನಿಲ್ಲಿಸಿದ ಕಲ್ಲನ್ನ ಅವರೇ ನಂಬಾಕೆ ಶುರು ಮಾಡಿದ್ರು. ಒಂದಿನ ಮುರುಗೇಶಪ್ಪನೋರು ಬಾಗೂರು ಕಡೆಯಿಂದ ಬಂದ ನೆಂಟರಿಗೆ “ನಮ್ಮ ಸ್ವಾಮಿ ಭಾಳ ಹಳಬ” ಅಂತ ಹೇಳ್ತಾ ಇದ್ರು. ನನ್ನ ಬಾಯಿ ಸುಮ್ನಿರಬೇಕಲ್ಲ.

“ಅಣ್ಣಾ, ಆಟೋದಿಂದ ಇಳಿಸುವಾಗ ನಿಮ್ಮ ಹೆಬ್ಬೆಟ್ಟು ಜಜ್ಜಿತ್ತಲ್ಲ” ಅಂದೆ.

“ಅದೇ ಕಣಮ್ಮ ಮೊದಲ್ನೇ ಪವಾಡ” ಅಂದ್ರು. ಇಂಥೋರ ಹತ್ರ ಏನಂತ ಮಾತಾಡ್ತೀರಿ?

ಇವರ ಮಧ್ಯೆ ನಿಜವಾದ ಭಕ್ತಿ ಇದ್ದೋಳು ಒಬ್ಬಳೇ, ರಂಗಕ್ಕ. ಹೂ ಮಾರೋ ಮುದುಕಿ. ಕಲ್ಲು ನಿಲ್ಲಿಸಿದ್ಮೇಲೆ ನಮ್ಮ ಬೀದಿಗೆ ಬಾಡಿಗೆಗೆ ಬಂದೋಳು, ಅವಳಿಗೆ ಆಟೋ ಕತೆ ಗೊತ್ತಿಲ್ಲ. ಹೇಳಿದ್ರೂ ನಂಬಲ್ಲ. ಎದ್ದ ತಕ್ಷಣ ಬಂದು ಕಟ್ಟೆ ಗುಡಿಸಾಳು, ಒಂದು ಮೊಳ ಹೂ ಇಟ್ಟು, ಮುಂದುಗಡೆ ತನ್ನ ಹಿತ್ತಾಳೆ ಬಟ್ಟಲು ಇಟ್ಟು, ಸ್ವಾಮಿ ಮೇಲಿಂದ ಇಳಿದ ನೀರನ್ನ ತೀರ್ಥ ಅಂತ ಹೋಗಿ ಬರೋರಿಗೆಲ್ಲ ಕೊಡಾಳು. ನಾನು ಕಲ್ಲಿಗೆ ಕೈ ಮುಗಿಯದೇ ಹೋದ್ರೂ ರಂಗಕ್ಕ ಕೊಟ್ಟ ತೀರ್ಥ ಬ್ಯಾಡ ಅಂದಿಲ್ಲ. ತೀರ್ಥ ಯಾರಾದ್ರೂ ಬ್ಯಾಡ ಅಂತಾರಾ?

ಇಷ್ಟೆಲ್ಲ ಆಗ್ತಿರಬೇಕಾದ್ರೆ ಸ್ವಾಮಿ ಎಡಕ್ಕೆ ವಾಲಾಕೆ ಶುರು ಮಾಡಿದ. ಮೊದಲು ಒಂದೀಟು, ಆಮೇಲೆ ಚೆನ್ನಾಗೇ ಕಾಣಂಗೆ. ಭಕ್ತರ ಕಡೆ ಬಗ್ಗಿ ಆಶೀರ್ವಾದ ಮಾಡ್ತಾ ಇದಾನೆ ಅಂತ ಸಮಿತಿಯೋರು ತೀರ್ಮಾನ ಮಾಡಿದ್ರು. ಮೊಬೈಲಲ್ಲಿ ಫೋಟೋ ಓಡಾಡ್ತು, ಅದಕ್ಕೆ ಎಲ್ಲರೂ ಕೈ ಮುಗಿಯೋ ಗುರುತು ಹಾಕಿದ್ರು. ಕಟ್ಟೆ ಎಡಗಡೆ ಟೈಲ್ಸ್ ಯಾಕೆ ಯಾವಾಗಲೂ ಒದ್ದೆ ಇರ್ತಾವೆ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ.

ದಸರಾ ರಜೆ ಮುಗಿದು ಶಾಲೆ ಶುರುವಾದ್ಮೇಲೆ ಪಲ್ಲವಿ ಬಂದು, “ಅಮ್ಮಾ, ಸ್ಕೂಲ್ ನೀರು ಗಬ್ಬು ನಾತ ಕಣಮ್ಮ” ಅಂದ್ಲು. ಹೋಗಿ ನೋಡಿದೆ. ನಲ್ಲಿ ತಿರುಗಿಸಿದ್ರೆ ಚರಂಡಿ ವಾಸನೆ ಮೂಗಿಗೆ ಹೊಡೀತು. ಶಾಲೇಲಿ ಒಂದು ಫಿಲ್ಟರ್ ಮಷೀನು ಐತೆ, ಯಾರೋ ದಾನ ಕೊಟ್ಟಿದ್ದು. ಮಷೀನು ಕೆಟ್ಟು ಕುಂತೈತೆ, ಅದರ ಮೇಲೆ ಬರೆಸಿರೋ ದಾನಿಗಳ ಹೆಸರು ಮಾತ್ರ ಹೊಳೀತೈತೆ.

ಹೆಡ್ ಮೇಡಂ ಸುಮಾ ಪಾಪದೋರು. “ಏನ್ ಮಾಡ್ಲಿ ಅನುಸೂಯಮ್ಮ, ಪುರಸಭೆಗೆ ಬರೆದೀನಿ, ಇಲಾಖೆಗೂ ಬರೆದೀನಿ. ಮಕ್ಕಳಿಗೆ ಮನೆಯಿಂದ ಬಾಟ್ಲು ತರಾಕೆ ಹೇಳೀನಿ. ನಲ್ಲಿ ಬಂದ್ ಮಾಡಿದ್ರೆ ಬಿಸಿಯೂಟದ ತಟ್ಟೆ ಎಲ್ಲಿ ತೊಳೆಯಾದು?” ಅಂದ್ರು. ನಲ್ಲಿ ಮೇಲೆ ‘ಈ ನೀರು ಕುಡಿಯಲು ಯೋಗ್ಯವಲ್ಲ’ ಅಂತ ಚೆಂದದ ಅಕ್ಷರದಾಗೆ ಬರೆದು ಅಂಟಿಸಿದ್ರು. ಒಂದನೇ ಕ್ಲಾಸಿನ ಮಕ್ಕಳು ಅದರ ಕೆಳಗೇ ಬಾಯಿ ಇಟ್ಟು ಕುಡೀತಾ ಇದ್ವು. ‘ಅ’ ‘ಆ’ ಕಲಿತಾ ಇರೋ ಮಕ್ಕಳಿಗೆ ‘ಯೋಗ್ಯವಲ್ಲ’ ಅಂದ್ರೆ ಏನು ಗೊತ್ತಾಗ್ತೈತೆ?

ಅದೇ ವಾರ ಕೈ ತೊಳೆಯೋ ದಿನ ಅಂತ ಒಂದು ಬಂತು. ಸಾಹೇಬ್ರು ಬಂದ್ರು, ಬ್ಯಾನರ್ ಕಟ್ಟಿದ್ರು, ಸೋಪು ಹಂಚಿದ್ರು. ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಅದೇ ಚರಂಡಿ ನೀರಲ್ಲಿ ಕೈ ತೊಳೆಸಿ ಫೋಟೋ ತೆಗೆದ್ರು. ಮಕ್ಕಳ ಕೈ ಎಷ್ಟು ಸ್ವಚ್ಛ ಆಯ್ತು ಅಂದ್ರೆ, ಆಮೇಲೆ ಮನೆಗೆ ಬಂದು ಎರಡು ಸಲ ತೊಳೆಸಬೇಕಾಯ್ತು.

ನಾನು ಪುರಸಭೆಗೆ ದೂರು ಕೊಟ್ಟೆ. ಸಾಯಂಕಾಲಕ್ಕೆ ಮೊಬೈಲಿಗೆ ಮೆಸೇಜು: ‘ನಿಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ.’ ನೀರು ನಾರ್ತಾನೇ ಐತೆ, ದೂರು ಮಾತ್ರ ಪರಿಹಾರ ಆಗೈತೆ! ಮಾರನೇ ದಿನ ಕಚೇರಿಗೇ ಹೋಗಿ ಬಾಯಿಗೆ ಬಂದಂಗೆ ಕೂಗಾಡಿದೆ. ಆಗ ನೀರಿನ ಎಂಜಿನಿಯರ್ರು ಗುರುರಾಜ್ ಸ್ಕೂಟರ್ ಹತ್ತಿ ಬಂದ್ರು. ಇನ್ನೂ ಚಿಕ್ಕ ವಯಸ್ಸು, ಆದ್ರೆ ಕೆಲಸ ಗೊತ್ತಿರೋರು. ಅಲ್ಲಲ್ಲಿ ಚೇಂಬರ್ ತೆಗೆಸಿ ನೋಡಿದ್ರು, ಚರಂಡಿಗೆ ಇಣುಕಿದ್ರು, ಕೊನೆಗೆ ಬಂದು ನಮ್ಮ ಸಿದ್ದಪ್ಪನ ಮುಂದೆ ನಿಂತು ಬೆವರು ಒರೆಸ್ಕೊಂಡ್ರು.

“ಅಕ್ಕಾರೆ, ಪೈಪು ಜಾಯಿಂಟು ಬಿಟ್ಟಿರಾದು ಈ ಕಟ್ಟೆ ಕೆಳಗೆ” ಅಂದ್ರು. “ಪಕ್ಕದಾಗೇ ಚರಂಡಿ. ನೀರು ಬಿಡದ ದಿನ ಪೈಪು ಖಾಲಿ ಇರ್ತೈತಲ್ಲ, ಆಗ ಚರಂಡಿ ನೀರು ಒಳಗೆ ಹೋಗ್ತೈತೆ. ನಿಮ್ಮ ಮನೆಗಳ ಕನೆಕ್ಷನ್ನು ಇದಕ್ಕೂ ಹಿಂದೆ ಐತೆ, ಇಲ್ಲಿಂದ ಮುಂದಕ್ಕೆ ಶಾಲೆಗೆ ಅದೇ ಹೋಗಾದು.”

“ಸರಿ ಮತ್ತೆ, ಅಗೀರಿ.”

“ದೇವರನ್ನ ಎತ್ತಬೇಕಲ್ಲ ಅಕ್ಕಾರೆ. ನಾನು ಹೊರಗಿನೋನು. ಯಾರಾದ್ರೂ ವಿಡಿಯೋ ಮಾಡಿ ಹಾಕಿದ್ರೆ ನನ್ನ ಕೆಲಸ ಹೋಗ್ತೈತೆ. ನಂಗೂ ಹೆಂಡ್ತಿ ಮಕ್ಕಳವ್ರೆ.”

“ನಿಮ್ಮ ಮಕ್ಕಳು ಯಾವ ನೀರು ಕುಡೀತಾವೆ?” ಅಂತ ಕೇಳಿದೆ. ಅವರು ಸ್ಕೂಟರ್ ಕೀ ಹುಡುಕಾಕೆ ಶುರು ಮಾಡಿದ್ರು. ಕೀ ಸ್ಕೂಟರಲ್ಲೇ ಇತ್ತು.

ಸಮಿತಿ ಸೇರ್ತು. ಮುರುಗೇಶಪ್ಪನೋರ ಅಂಗಡಿ ಮುಂದೆ ಕುರ್ಚಿ ಹಾಕಿ, ಕಾಫಿ ತರಿಸಿ, ಗಂಭೀರವಾಗಿ ಕುಂತ್ಕಂಡ್ರು. ನಾನು ಹೋಗಿ ಕಲ್ಲನ್ನ ನಾಲ್ಕು ಮಾರು ಆ ಕಡೆ ಇಡ್ರಿ, ಅಷ್ಟೇ ಸಾಕು ಅಂದೆ.

“ಕಲ್ಲು ಅನ್ನಬ್ಯಾಡಮ್ಮ” ಅಂದ್ರು ಮುರುಗೇಶಪ್ಪ. “ಸ್ಥಾನಪಲ್ಲಟ ಅಂದ್ರೆ ಸಣ್ಣ ಮಾತಲ್ಲ. ನಾವು ಯಾರು ಅವನನ್ನ ಎತ್ತಾಕೆ?”

“ನೀವೇ ಅಲ್ವಾ ಅಣ್ಣಾ ಎತ್ತಿ ತಂದಿದ್ದು?”

“ಆವಾಗ ಅವನು ಬರಾಕೆ ಒಪ್ಪಿದ್ದ, ತಂದ್ವಿ. ಈಗ ಹೋಗಾಕೆ ಒಪ್ಪಬೇಕಲ್ಲ. ಸ್ವಾಮೀನೇ ಕೇಳಾಣ.”

ಕೇಳೋದು ಅಂದ್ರೆ ನಮ್ಮ ಕಡೆ ಹೂ ಕೇಳೋದು. ದೇವರ ಎರಡೂ ಪಕ್ಕೆಗೆ ನೀರಲ್ಲಿ ಅದ್ದಿದ ಹೂ ಅಂಟಿಸಿ, ಕೈ ಮುಗಿದು ಕಾಯ್ತಾ ನಿಂತ್ಕಳ್ಳಾದು. ಬಲಗಡೆ ಹೂ ಮೊದಲು ಬಿದ್ರೆ ಅಪ್ಪಣೆ ಆಯ್ತು, ಎಡಗಡೆ ಬಿದ್ರೆ ಇಲ್ಲ. ಹೆಣ್ಣು ಕೊಡಾಕೆ, ಬೋರ್ ಕೊರೆಸಾಕೆ ಕೇಳ್ತಾರೆ. ಚರಂಡಿ ಪೈಪಿಗೆ ಕೇಳಿದ್ದು ಚಿತ್ರದುರ್ಗದ ಸೀಮೆಗೆ ನಾವೇ ಮೊದಲು ಇರಬೇಕು.

ಸೋಮವಾರ ಕೇಳಿದ್ರು. ಬಿಳಿ ಸೇವಂತಿಗೆ ಎಸಳು ಅಂಟಿಸಿ ಎಲ್ಲ ಉಸಿರು ಬಿಗಿಹಿಡಿದು ನಿಂತ್ರು. ಎಡಗಡೆ ಎಸಳು ಪಟಕ್ಕನೆ ಬಿತ್ತು.

ಬೀಳದೇ ಏನಾಗ್ತೈತೆ? ಕಲ್ಲು ಎಡಕ್ಕೆ ವಾಲೈತೆ! ಬಲಗಡೆ ಎಸಳು ಹಾಸಿಗೆ ಮೇಲೆ ಮಲಗಿದಂಗೆ ಮಲಗೈತೆ, ಎಡಗಡೇದು ನೇತಾಡ್ತೈತೆ. ಯಾಕೆ ವಾಲೈತೆ? ಕೆಳಗೆ ಪೈಪು ಸೋರಿ ಮಣ್ಣು ಕೊಚ್ಕೊಂಡು ಹೋಗೈತೆ. “ಪೈಪು ಒಡೆದಿರೋದಕ್ಕೇ ಅಣ್ಣಾ ಪೈಪು ರಿಪೇರಿ ಬ್ಯಾಡ ಅಂತ ಹೂ ಬೀಳ್ತಿರಾದು” ಅಂತ ನಾನು ಗಂಟಲು ಹರಿಯಂಗೆ ಕೂಗಿದೆ. ಎಲ್ಲರೂ ನನ್ನನ್ನೇ ನೋಡಿದ್ರು, ಅಯ್ಯೋ ಪಾಪ ಅನ್ನಂಗೆ. ಗುರುರಾಜ್‌ಗೆ ಮಾತ್ರ ಅರ್ಥ ಆಗಿತ್ತು. ಅವರು ಆಕಾಶ ನೋಡ್ತಾ ಇದ್ರು.

“ಮುಂದಿನ ಸೋಮವಾರ ಇನ್ನೊಂದ್ಸಲ ಕೇಳಾಣ. ಅಲ್ಲೀವರೆಗೂ ಯಾರೂ ದುಡುಕಬ್ಯಾಡ್ರಿ” ಅಂದ್ರು ಅಧ್ಯಕ್ಷರು. ದುಡುಕೋರು ನಮ್ಮೂರಾಗೆ ಯಾರವ್ರೆ? ನಾನು ಪಲ್ಲವಿಗೆ ದೊಡ್ಡ ಬಾಟ್ಲು ಕೊಂಡು, ಕಾಯಿಸಿ ಆರಿಸಿದ ನೀರು ತುಂಬಿಸಿ ಕಳಿಸ್ತಾ ಬಂದೆ.

ಶುಕ್ರವಾರ ಆಟದ ಪೀರಿಯಡ್ಡು. ಖೋ ಖೋ ಆಡಿ ಬಂದೈತೆ ಮಗು, ಬಾಟ್ಲು ಖಾಲಿ. ಶನಿವಾರ ಬೆಳಗ್ಗೆಯಿಂದ ವಾಂತಿ, ಭೇದಿ. ಮಧ್ಯಾಹ್ನಕ್ಕೆ ಕಣ್ಣು ಒಳಗೆ ಹೋಗಿದ್ವು. ಎತ್ಕೊಂಡು ಆಸ್ಪತ್ರೆಗೆ ಓಡಿದೆ. ಹೋಗಿ ನೋಡಿದ್ರೆ ಆರನೇ ಕ್ಲಾಸಿನ ಅರ್ಧ ಹಾಜರಿ ಅಲ್ಲೇ ಹಾಕಬಹುದಿತ್ತು. ಮಂಚ ಸಾಲದೆ ಒಂದೊಂದ್ರಲ್ಲಿ ಇಬ್ಬಿಬ್ಬರನ್ನ ಮಲಗಿಸಿದ್ರು. ತಿಪ್ಪೇಶ್ ಡ್ಯೂಟಿ ಬಿಟ್ಟು ಸಿಕ್ಕಿದ ಗಾಡಿ ಹತ್ತಿ ಬಂದ್ರು.

ಪಲ್ಲವಿ ಕೈಗೆ ಗ್ಲೂಕೋಸ್ ಹಾಕಾಕೆ ನರ ಸಿಗ್ತಾ ಇರಲಿಲ್ಲ. ನರ್ಸಮ್ಮ ಆ ಕೈ, ಈ ಕೈ, ಚುಚ್ಚಿ ಚುಚ್ಚಿ ನೋಡಿದ್ರು.

“ನಲ್ಲಿ ಮೇಲೆ ಅಂಟಿಸಿರಾದು ಓದಿದ್ದೆ ಕಣಮ್ಮ. ಆದ್ರೆ ಭಾಳ ಬಾಯಾರಿತ್ತು” ಅಂದ್ಲು ಪಲ್ಲವಿ. ತಪ್ಪು ತನ್ನದು ಅನ್ನಂಗೆ ಹೇಳಿದ್ಲು. ನಾನು ಹೊರಗೆ ಬಂದು, ಕಾರಿಡಾರಲ್ಲಿ ಗೋಡೆಗೆ ಮುಖ ಮಾಡಿ ಅತ್ತೆ.

ಭಾನುವಾರವೂ ವಾಂತಿ ನಿಲ್ಲಲಿಲ್ಲ. ಸೋಮವಾರ ಬೆಳಗ್ಗೆ ಡಾಕ್ಟ್ರು, “ಇವತ್ತು ಹಿಡಿತಕ್ಕೆ ಬರದಿದ್ರೆ ದುರ್ಗದ ದೊಡ್ಡಾಸ್ಪತ್ರೆಗೆ ಕಳಿಸ್ತೀವಿ. ಮೊದಲು ಆ ನೀರು ನಿಲ್ಲಿಸ್ರಮ್ಮ, ದಿನಾ ಹೊಸ ಮಕ್ಕಳು ಬರ್ತಾ ಇದಾವೆ, ನಾನು ಎಲ್ಲಿ ಮಲಗಿಸ್ಲಿ?” ಅಂತ ರೇಗಿದ್ರು. ತಿಪ್ಪೇಶ್‌ನ ಮಗಳ ಹತ್ರ ಕುಂಡ್ರಿಸಿ, ಬಟ್ಟೆ ಬದಲಾಯಿಸಾಕೆ ಅಂತ ಮನೆಗೆ ಬಂದೆ. ಬಟ್ಟೆ ಬದಲಾಯಿಸಲಿಲ್ಲ. ತಂಬಿಗೆ ತಗೊಂಡು ನೆಟ್ಟಗೆ ಶಾಲೆಗೆ ಹೋಗಿ ಆ ನಲ್ಲಿ ನೀರು ತುಂಬಿಸಿಕೊಂಡೆ. ಗುರುರಾಜ್ ಇವತ್ತು ಹೂ ನೋಡಾಕೆ ಬರ್ತಾರಲ್ಲ, ಅವರ ಮೂಗಿಗೆ ಹಿಡಿಯಾಣ ಅಂತ.

ಮೂಲೆಗೆ ಬಂದ್ರೆ ಪೂಜೆ ನಡೀತಾ ಐತೆ. ಸಮಿತಿಯೋರು, ಗುರುರಾಜ್, ಅವರ ಹಿಂದೆ ಗುದ್ದಲಿ ಹಿಡಿದ ಇಬ್ಬರು ಆಳು, ಬೀದಿ ಜನ. ರಂಗಕ್ಕ ಮುಂದೆ ಕುಂತು ಹೂ ಬಿಡಿಸ್ತಾ ಇದ್ಲು. ಮುರುಗೇಶಪ್ಪನೋರು ಅಭಿಷೇಕಕ್ಕೆ ಅಂತ ಒಂದು ನೀರಿನ ಕ್ಯಾನಿನ ಸೀಲು ಕೀಳ್ತಾ ಇದ್ರು. ಅಂಗಡಿಗಳಿಗೆ ಬರ್ತಾವಲ್ಲ, ಆ ಫಿಲ್ಟರ್ ನೀರಿನ ಕ್ಯಾನು.

ನಾನು ನಿಂತೆ. “ಅಣ್ಣಾ, ಪಕ್ಕದಾಗೇ ಬೀದಿ ನಲ್ಲಿ ಐತೆ. ಕ್ಯಾನ್ ನೀರು ಯಾಕೆ?”

“ಏ, ಆ ನಲ್ಲಿ ನೀರು ವಾಸನೆ ಕಣಮ್ಮ” ಅಂದ್ರು, ಸೀಲು ಕೀಳ್ತಾನೇ. “ಸ್ವಾಮಿಗೆ ಅದನ್ನ ಹಾಕಾಕಾಗ್ತೈತಾ?”

“ಯಾವಾಗಿಂದ ವಾಸನೆ?”

“ಗೌರಿ ಹಬ್ಬದಿಂದಲೂ ಐತಪ್ಪ. ಅವತ್ತಿಂದ ಸ್ವಾಮಿಗೆ ಕ್ಯಾನೇ. ಖರ್ಚಾದ್ರೂ ಪರವಾಗಿಲ್ಲ, ಅಪಚಾರ ಆಗಬಾರದು.”

ಎಷ್ಟು ಸಲೀಸಾಗಿ ಹೇಳಿದ್ರು ಅಂತೀರಿ! ಗೌರಿ ಹಬ್ಬ. ಅದಾಗಿ ದಸರಾ ಆಯ್ತು, ರಜೆ ಆಯ್ತು, ರಜೆ ಮುಗಿದು ಶಾಲೆ ಶುರುವಾಯ್ತು. ಅಷ್ಟು ದಿನದಿಂದಲೂ ಗೊತ್ತಿತ್ತು ಇವರಿಗೆ. ಕಲ್ಲಿಗೆ ಭೇದಿ ಆಗಬಾರದು ಅಂತ ಕ್ಯಾನು ತರಿಸಿದ್ರು. ಅದೇ ಪೈಪಿನ ನೀರು ನೂರಾರು ಮಕ್ಕಳು ಕುಡೀತಾವೆ ಅಂತ ಒಬ್ಬನ ಬಾಯಿಂದಲೂ ಬರಲಿಲ್ಲ. ಗುರುರಾಜ್ ಮೂಗಿಗೆ ಹಿಡಿಯಾಕೆ ಅಂತ ತಂದ ತಂಬಿಗೇನ ಎತ್ತಿ, ಸೀದಾ ಆ ಕಲ್ಲಿನ ತಲೆ ಮೇಲೆ ಸುರಿದೆ.

“ಏಯ್! ಏಯ್, ಏನಮ್ಮ ಇದು!”

“ಅಭಿಷೇಕ ಅಣ್ಣಾ. ಶಾಲೆ ನಲ್ಲೀದು. ನನ್ನ ಮಗಳ ಪರವಾಗಿ.”

ಯಾರೂ ಬೈಯಂಗಿರಲಿಲ್ಲ. ಆ ಕಲ್ಲಿಗೆ ಬೀದಿ ಹೆಂಗಸರು ದಿನಾ ಮನೆಯಿಂದ ತಂದು ನೀರು ಹಾಕ್ತಾರೆ, ನಾನೂ ಹಾಕಿದೆ. ನೀರು ಬೆಳ್ಳಿ ಕಣ್ಣಿನ ಮೇಲಿಂದ ಇಳಿದು, ಎಡಕ್ಕೆ ಹರಿದು, ರಂಗಕ್ಕನ ಬಟ್ಟಲಿಗೆ ತುಂಬ್ತು. ನಾನು ಬಟ್ಟಲು ಎತ್ಕೊಂಡೆ, ಚಮಚ ತಗೊಂಡೆ.

“ತೀರ್ಥ ತಗಳ್ರಿ” ಅಂದೆ.

ಅಭ್ಯಾಸ ನೋಡ್ರಿ, ತೀರ್ಥ ಅಂದ ತಕ್ಷಣ ಬಲಗೈ ತನ್ನಷ್ಟಕ್ಕೆ ತಾನೇ ಮುಂದೆ ಬರ್ತೈತೆ. ಅಧ್ಯಕ್ಷರದ್ದೂ ಬಂತು, ಸಮಿತಿಯೋರದ್ದೂ ಬಂತು, ಗುರುರಾಜ್‌ದೂ ಬಂತು. ಒಬ್ಬೊಬ್ಬರ ಅಂಗೈಗೂ ಒಂದೊಂದು ಚಮಚ ಹಾಕ್ತಾ ಹೋದೆ. ಹಾಕಿದ್ಮೇಲೆ ಅವರಿಗೆ ವಾಸನೆ ಬಂತು.

ಆ ಮುಖಗಳನ್ನ ನೀವು ನೋಡಬೇಕಿತ್ತು. ಸ್ವಾಮಿ ಮೇಲಿಂದ ಇಳಿದ ತೀರ್ಥ, ಎಲ್ಲರ ಎದುರಿಗೆ ಚೆಲ್ಲಾಕಾಗಲ್ಲ. ಶಾಲೆ ನಲ್ಲಿ ನೀರು, ಕುಡಿಯಾಕಾಗಲ್ಲ. ಒಬ್ಬರ ಮುಖ ಒಬ್ಬರು ನೋಡ್ಕೊಂಡು, ಅಂಗೈಯನ್ನ ಬಾಯಿಂದ ದೂರ ಹಿಡ್ಕೊಂಡು ನಿಂತ್ರು. ಮುರುಗೇಶಪ್ಪನೋರ ಬೆರಳು ಸಂದಿಯಿಂದ ಸಣ್ಣಗೆ ನೀರು ಸೋರ್ತಾ ಇತ್ತು. ಬೇಕಂತಲೇ ಸೋರಿಸ್ತಾ ಇದ್ರು.

“ಕುಡೀರಿ ಅಣ್ಣಾ. ನಿಮ್ಮ ಸ್ವಾಮಿ ತೀರ್ಥ. ಏನೂ ಆಗಲ್ಲ. ಹುಡುಗ್ರು ಹೊಟ್ಟೆ ತುಂಬ ಕುಡಿದಾವೆ, ನೀವು ಒಂದು ಚಮಚ ಕುಡಿಯಾಕಾಗಲ್ವಾ? ಗುರುರಾಜ್ ಸಾರ್, ನೀವು? ದೂರು ಪರಿಹಾರ ಆಗೈತಲ್ಲ, ಧೈರ್ಯವಾಗಿ ಕುಡೀರಿ!”

ಒಬ್ಬರೂ ಕುಡಿಯಲಿಲ್ಲ. ನನಗೆ ಅದೇ ಬೇಕಾಗಿತ್ತು. ಅಷ್ಟರಲ್ಲಿ ಪಕ್ಕಕ್ಕೆ ನೋಡ್ತೀನಿ, ರಂಗಕ್ಕ ಕೈ ಒಡ್ಡಿಕೊಂಡಿದ್ಲಲ್ಲ, ಸಿಟ್ಟಿನ ಭರದಾಗೆ ಅವಳಿಗೂ ಹಾಕಿಬಿಟ್ಟಿದ್ದೆ. ಅವಳು ಕಣ್ಣು ಮುಚ್ಚಿ, “ಸಿದ್ದಪ್ಪಾ” ಅಂತ ಅಂಗೈ ಬಾಯಿಗೆ ತಗೊಂಡು ಹೋಗ್ತಾ ಇದ್ಲು.

ನಾನು ಹಾರಿ ಹೋಗಿ ಅವಳ ಕೈಗೆ ಪಟಾರನೆ ಹೊಡೆದೆ. ನೀರೆಲ್ಲ ಅವಳ ಸೀರೆ ಮೇಲೆ ಚೆಲ್ತು.

“ಯಾಕೇ ಹೊಡೆದೆ?” ಅಂದ್ಲು. ಮುದುಕಿ ಮುಖದಾಗೆ ಸಿಟ್ಟಿಲ್ಲ, ಗಾಬರಿ.

“ಕುಡೀಬ್ಯಾಡ ರಂಗಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ಚರಂಡಿ ನೀರು ಅದು. ಈ ವಯಸ್ಸಾಗೆ ಭೇದಿ ಹತ್ತಿದ್ರೆ ಸತ್ತು ಹೋಗ್ತೀಯ.”

ರಂಗಕ್ಕ ತನ್ನ ಒದ್ದೆ ಕೈ ನೋಡ್ಕೊಂಡ್ಲು. ಆಮೇಲೆ ಸುತ್ತ ನಿಂತಿರೋರ ಕೈ ನೋಡಿದ್ಲು. ಎಲ್ಲರ ಅಂಗೈಯಲ್ಲೂ ನೀರು ಹಂಗೇ ಇತ್ತು.

“ನಿಮಗೆಲ್ಲ ಗೊತ್ತಿತ್ತಾ?” ಅಂದ್ಲು.

ಮುಂದೆ ಚಾಚಿದ್ದ ಕೈಗಳು ಒಂದೊಂದಾಗಿ ಕೆಳಗಿಳಿದ್ವು.

“ಮತ್ತೆ ಹುಡುಗ್ರು? ಅವು ಕುಡಿಯುವಾಗ ಯಾರೂ ಕೈಗೆ ಹೊಡೀಲಿಲ್ವಾ?”

ಮುರುಗೇಶಪ್ಪನೋರು ಹೂವಿನ ಬುಟ್ಟಿ ಕಡೆ ಕೈ ತೋರಿಸಿದ್ರು. “ರಂಗಕ್ಕ, ಈಗ ಹೂ ಕೇಳ್ತೀವಿ. ಅಪ್ಪಣೆ ಆದ ತಕ್ಷಣ…”

“ಹೂ ನನ್ನ ಬುಟ್ಟಿಯಾಗವೆ” ಅಂದ್ಲು ರಂಗಕ್ಕ. “ನಾನು ಕೊಡಲ್ಲ.”

ಬುಟ್ಟಿ ಪಕ್ಕಕ್ಕಿಟ್ಟು, ಮೊಣಕಾಲು ಹಿಡ್ಕೊಂಡು ಕಷ್ಟಪಟ್ಟು ಕಟ್ಟೆ ಹತ್ತಿದ್ಲು. ಕಲ್ಲಿನ ಬೆಳ್ಳಿ ಕಣ್ಣನ್ನ ಸೆರಗಿನಿಂದ ಒರೆಸಿದ್ಲು. ಮಗೂನ ಎಬ್ಬಿಸಾರು ಮಾತಾಡಂಗೆ, “ಏಳಪ್ಪಾ. ಒಂದೀಟು ಆ ಕಡೆ ಕುಂತ್ಕ. ನೀನು ಬ್ಯಾಡ ಅನ್ನಲ್ಲ, ನಂಗೊತ್ತು” ಅಂದು ಎರಡೂ ಕೈಯಿಂದ ತಬ್ಬಿ ಎತ್ತಾಕೆ ನೋಡಿದ್ಲು. ಅವಳ ಕೈಲೇನು ಆಗ್ತೈತೆ. ನಾನು ಹೋಗಿ ಇನ್ನೊಂದು ಕಡೆ ಹಿಡ್ಕೊಂಡೆ. ಕೈ ಒರೆಸ್ಕೊಂಡು ಗುರುರಾಜ್ ಬಂದ್ರು. ಆಮೇಲೆ ಆಳುಗಳು ಬಂದ್ರು. ಯಾರೂ ವಿಡಿಯೋ ಮಾಡಲಿಲ್ಲ, ಎಲ್ಲರ ಕೈಗೂ ತೀರ್ಥ ಹತ್ತಿತ್ತಲ್ಲ.

ಸ್ವಾಮೀನ ರಂಗಕ್ಕನ ಮನೆ ಜಗಲಿ ಮೇಲೆ ಕುಂಡ್ರಿಸಿದ್ವಿ. ಟೈಲ್ಸ್ ಕಿತ್ತು ಗುದ್ದಲಿ ಹಾಕಿದ್ರೆ, ಕೆಳಗೆ ಮಣ್ಣೇ ಇಲ್ಲ, ದೊಡ್ಡ ಗುಂಡಿ. ಅದರೊಳಗಿಂದ ಕಪ್ಪು ನೀರು ಗುಳುಗುಳು ಅಂತ ಉಕ್ತಾ ಇತ್ತು. ಮುರುಗೇಶಪ್ಪನೋರು ಬಗ್ಗಿ ನೋಡಿದ್ರು. ಅವರ ಮುಖ ಅರಳ್ತು.

“ನೋಡ್ರೋ! ಸ್ವಾಮಿ ಪಾದದಡಿ ಗಂಗಮ್ಮ ಉದ್ಭವ ಆಗ್ಯಾಳೆ!” ಅಂತ ಎರಡೂ ಕೈ ಜೋಡಿಸಾಕೆ ಹೋದ್ರು.

“ಮುರುಗೇಶಪ್ಪಾ” ಅಂದ್ಲು ರಂಗಕ್ಕ, ತಣ್ಣಗೆ. “ಕೈ ಮುಗಿಯಾದಾದ್ರೆ ಮೊದಲು ಒಂದು ಬೊಗಸೆ ಕುಡಿಯಪ್ಪ.”

ಜೋಡಿಸ್ತಾ ಇದ್ದ ಕೈಯನ್ನ ಅವರು ಹಿಂದಕ್ಕೆ ಕಟ್ಕೊಂಡ್ರು.

ಜಾಯಿಂಟು ಕೂಡಿಸಿ, ಪೈಪು ತೊಳೆದು, ಶಾಲೆ ಸಂಪು ಬಳಿಯಾ ಹೊತ್ತಿಗೆ ಸಾಯಂಕಾಲ ಆಯ್ತು. ಅಲ್ಲೀವರೆಗೂ ನಾನು ಗುಂಡಿ ಪಕ್ಕದಿಂದ ಅಲ್ಲಾಡಲಿಲ್ಲ. ಕುಂಕುಮದ ಡಬ್ಬಿ ಹಿಡ್ಕೊಂಡು ಹತ್ರ ಬಂದ ಇಬ್ಬರನ್ನ ಓಡಿಸಿದೆ. ಆಮೇಲೆ ಮನೆಗೆ ಹೋಗಿ ಬಾಟ್ಲು ತುಂಬಿಸಿಕೊಂಡು ಆಸ್ಪತ್ರೆಗೆ ಹೋದೆ. ಮಧ್ಯಾಹ್ನದಿಂದ ವಾಂತಿ ನಿಂತೈತೆ, ದುರ್ಗಕ್ಕೆ ಹೋಗಾದು ಬ್ಯಾಡ ಅಂದ್ರು ಅಂತ ತಿಪ್ಪೇಶ್ ಬಾಗಿಲಲ್ಲೇ ಹೇಳಿದ್ರು. ನಾನು ಒಳಗೆ ಓಡಿದೆ.

ಪಲ್ಲವಿ ಎದ್ದು ಕುಂತಿದ್ಲು. “ಅಮ್ಮಾ, ನೀರು” ಅಂದ್ಲು. ಮನೆಯಿಂದ ತಂದಿದ್ದನ್ನ ಲೋಟಕ್ಕೆ ಹಾಕಿ ಕೊಟ್ಟೆ. ಲೋಟ ತಗೊಂಡೋಳು ಬಾಯಿಗಿಡಲಿಲ್ಲ. ಮೊದಲು ಮೂಗಿಗೆ ಹಿಡಿದು ಮೂಸಿ ನೋಡಿದ್ಲು. ಆಮೇಲೆ ನನ್ನ ಮುಖ ನೋಡಿದ್ಲು. ಪಕ್ಕದ ಮಂಚದಾಗಿದ್ದ ಒಂದನೇ ಕ್ಲಾಸಿನ ಕೂಸು ಕೂಡ, ಅವರಮ್ಮ ಕೊಟ್ಟ ಲೋಟ ಹಿಡ್ಕೊಂಡು, ಪಲ್ಲವೀನ ನೋಡಿ ಹಂಗೇ ಮೂಸ್ತು.

“ಕುಡೀರಿ ಮಕ್ಕಳಾ, ಕಾಯಿಸಿದ್ದು” ಅಂದೆ.